ಬಾಟಲಿ ಹಿಡಿಯುವ ಆನೆ: ಬಳಕೆದಾರರ ಕೈಪಿಡಿ

ಈ ಉತ್ಪನ್ನವನ್ನು ಕೊಂಡಿದ್ದಕ್ಕೆ ಅಭಿನಂದನೆಗಳು. ತಾವು ಇದನ್ನು ಕೊಂಡದ್ದು ರಾತ್ರಿ ಎರಡೂವರೆಯಿಂದ ಮೂರೂಕಾಲರ ನಡುವೆ, ಒಂದೇ ಕಣ್ಣು ಬಿಟ್ಟುಕೊಂಡು, ಹೆಬ್ಬೆರಳಿನಿಂದ ಎಂದು ನನ್ನ ಊಹೆ. ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ ಎದ್ದವರು ಇಂಥದ್ದನ್ನು ಕೊಳ್ಳುವುದಿಲ್ಲ.

ಪೊಟ್ಟಣದೊಳಗೆ ಬಸ್ ಟಿಕೆಟ್ಟಿನಷ್ಟು ದೊಡ್ಡದಾದ ಸೂಚನಾಪತ್ರವೊಂದಿದೆ. ಅದರಲ್ಲಿ ನಾಲ್ಕು ಚಿತ್ರ. ಮೊದಲನೆಯದರಲ್ಲಿ ಮಗು ಅಂಗಾತ ಮಲಗಿದೆ. ಎರಡನೆಯದರಲ್ಲಿ ಮಗುವಿನ ಎದೆಯ ಮೇಲೆ ಬಟ್ಟೆಯ ಆನೆ. ಮೂರನೆಯದರಲ್ಲಿ ಆನೆಯ ಸೊಂಡಿಲಲ್ಲಿ ಬಾಟಲಿ, ಬಾಟಲಿಯ ನಿಪ್ಪಲ್ಲು ಮಗುವಿನ ಬಾಯಲ್ಲಿ. ನಾಲ್ಕನೆಯದರಲ್ಲಿ ತಾಯಿ ಸೋಫಾದ ಮೇಲೆ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದಾಳೆ. ಇದರ ಕೆಳಗೆ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಬಳಸುವಾಗ ಮಗುವಿನ ಮೇಲೆ ಕಣ್ಣಿರಲಿ, ಬಾಟಲಿಯ ಮೇಲೆ ಕೈಯಿರಲಿ. ಹಾಗಾದರೆ ನಾಲ್ಕನೆಯ ಚಿತ್ರದಲ್ಲಿ ಕಾಫಿಯ ಲೋಟ ಹಿಡಿದಿರುವ ಕೈ ಯಾರದು? ಸೂಚನಾಪತ್ರದಲ್ಲಿ ಉತ್ತರವಿಲ್ಲ. ಅದಕ್ಕೇ ಈ ಕೈಪಿಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಪೊಟ್ಟಣದಲ್ಲಿ ಇರುವುದು, ಇಲ್ಲದಿರುವುದು

ಇರುವುದು ಬಟ್ಟೆಯ ಆನೆ ಒಂದು. ಬಣ್ಣ ಬೂದು, ಕಿವಿ ಗುಲಾಬಿ. ಸೊಂಡಿಲನ್ನು ಸುತ್ತಿ ಚರ್ರೆನ್ನುವ ವೆಲ್ಕ್ರೊ ಅಂಟಿಸಿದರೆ ಉಂಗುರವಾಗುತ್ತದೆ. ಬಾಟಲಿ ಕೂರುವುದು ಆ ಉಂಗುರದೊಳಗೆ. ಹಿಂದೆ ನೀರು ಹೊರುವವರು ತಲೆಯ ಮೇಲೆ ಬಿಂದಿಗೆಯ ಕೆಳಗಿಡುತ್ತಿದ್ದ ಸಿಂಬೆಗೆ ಕಣ್ಣು, ಕಿವಿ ಹೊಲಿದು ನೋಡಿ, ಇದೇ ಆಗುತ್ತದೆ. ಬೆಲೆ ಮಾತ್ರ ಸಿಂಬೆಯದಲ್ಲ.

ಇಲ್ಲದಿರುವುದರ ಪಟ್ಟಿ ದೊಡ್ಡದು. ನಮ್ಮ ಮನೆಯ ಲೆಕ್ಕವನ್ನೇ ಹೇಳುತ್ತೇನೆ. 2017ರಲ್ಲಿ ಕಾನೂನಿಗೆ ತಂದ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ನನ್ನ ಹೆಂಡತಿಗೆ ಡಾಕ್ಟರು ಮಲಗಿರಲು ಹೇಳಿದ್ದರಿಂದ ಆ ಎಂಟೂ ಖರ್ಚಾಗಿ, ಮಗುವಿಗೆ ದಕ್ಕಿದ್ದು 18 ವಾರ. ಅಪ್ಪಂದಿರ ವಿಷಯ ಇನ್ನೂ ಚಿಕ್ಕದು. ಕೇಂದ್ರ ಸರ್ಕಾರದ ನೌಕರನಾದರೆ 15 ದಿನ. ಖಾಸಗಿ ಕಂಪನಿಯಲ್ಲಿ ದುಡಿಯುವವನಿಗೆ ಕಾನೂನು ಏನನ್ನೂ ಕೊಟ್ಟಿಲ್ಲ, ಕಂಪನಿ ಕೊಟ್ಟಷ್ಟೇ ಪ್ರಸಾದ. ನನಗೆ ಸಿಕ್ಕಿದ್ದು ಐದು ದಿನ, ಅದರಲ್ಲೊಂದು ಶನಿವಾರ, ಒಂದು ಭಾನುವಾರ. ಬಾಣಂತನಕ್ಕೆ ಬಂದಿದ್ದ ಅತ್ತೆ ಅಡಿಕೆ ಕೊಯ್ಲು ಶುರುವಾಯಿತೆಂದು ತೀರ್ಥಹಳ್ಳಿಗೆ ಹೊರಟರು. ಬಸ್ಸು ಮೆಜೆಸ್ಟಿಕ್ ಬಿಟ್ಟ ಗಳಿಗೆಗೆ ಮನೆಯಲ್ಲಿ ಎರಡು ಕೈ ಕಮ್ಮಿಯಾದವು. ನಾಲ್ಕನೆಯ ರಾತ್ರಿ ನಾನು ಆನೆ ಕೊಂಡೆ.

ಹೀಗಾಗಿ ಸೂಚನಾಪತ್ರದ ಚಿತ್ರದಲ್ಲಿ ತಾಯಿ ಇರುವುದು ಅನ್ಯಾಯ. ಬೆಳಿಗ್ಗೆ ಆಫೀಸಿಗೆ ಹೋಗಬೇಕಿದ್ದ ತಾಯಿ ಆ ಹೊತ್ತಿಗೆ ಮಲಗಿದ್ದಳು. ರಾತ್ರಿಯ ಸರದಿ ನನ್ನದಾಗಿತ್ತು.

ಬಳಸುವ ಮುನ್ನ

ಹಾಲು ಸಿದ್ಧಮಾಡಿಕೊಳ್ಳಿ. ಹಿಂಡಿಟ್ಟ ಎದೆಹಾಲು ಫ್ರಿಜ್ಜಿನಲ್ಲಿದ್ದರೆ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡ, ಅದು ಹಾಲನ್ನು ಒಂದು ಕಡೆ ತಣ್ಣಗೆ ಬಿಟ್ಟು ಇನ್ನೊಂದು ಕಡೆ ನಾಲಿಗೆ ಸುಡುವಷ್ಟು ಕಾಯಿಸುತ್ತದೆ. ಪುಡಿಹಾಲಾದರೆ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಪುಡಿ ಬೆರೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಡಬ್ಬಿಯೊಳಗಿನ ಪುಡಿ ನೋಡಲು ಎಷ್ಟು ಬೆಳ್ಳಗಿದ್ದರೂ ಅದರಲ್ಲಿ ಕ್ರೊನೊಬ್ಯಾಕ್ಟರ್ ಎಂಬ ಸೂಕ್ಷ್ಮಾಣು ಇರಬಹುದು, ಅದು ಸಾಯುವುದು ಆ ಬಿಸಿಗೆ. ಆಮೇಲೆ ಬಾಟಲಿಯನ್ನು ನಲ್ಲಿಯ ಕೆಳಗೆ ಹಿಡಿದು ತಣಿಸಿ, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಿ.

ಇಷ್ಟನ್ನೂ, ಕಿರುಚುವ ಮಗುವನ್ನು ಎಡ ಹೆಗಲಿಗೆ ಹಾಕಿಕೊಂಡು, ಬಲಗೈ ಒಂದರಲ್ಲೇ ಮಾಡಬೇಕು. ಇನ್ನೊಂದು ಜೊತೆ ಕೈ ಬೇಕು ಅನ್ನಿಸುವುದು ಇಲ್ಲೇ. ಈ ಹಂತದಲ್ಲಿ ಆನೆ ಏನೂ ಮಾಡುವುದಿಲ್ಲ. ಅದು ಮಂಚದ ಮೇಲೆ ಬಿದ್ದುಕೊಂಡು ಗುಲಾಬಿ ಕಿವಿ ತೋರಿಸುತ್ತಿರುತ್ತದೆ.

ಬಳಸುವ ಕ್ರಮ

ಒಂದು. ಆನೆಯ ಸೊಂಡಿಲಿಗೆ ಬಾಟಲಿ ಸಿಕ್ಕಿಸಿ. ವೆಲ್ಕ್ರೊ ಸದ್ದಿಗೆ ಮಗು ಬೆಚ್ಚಿಬಿದ್ದರೆ ಹಿಂದಿನ ಪುಟಕ್ಕೆ ಹೋಗಿ.

ಎರಡು. ಮಗುವಿನ ತಲೆ ಹೊಟ್ಟೆಗಿಂತ ಎತ್ತರದಲ್ಲಿರಲಿ. ಮಲಗಿಸಿ ಕುಡಿಸಿದರೆ ಹಾಲು ಮೂಗಿನ ಹಿಂಬದಿಯಿಂದ ಕಿವಿಯ ಕಡೆಗೆ ಹರಿಯಬಹುದು. ಮೂಗನ್ನೂ ನಡುಗಿವಿಯನ್ನೂ ಕೂಡಿಸುವ ನಾಳ ದೊಡ್ಡವರಲ್ಲಿ ಓರೆಯಾಗಿರುತ್ತದೆ, ಕೂಸುಗಳಲ್ಲಿ ಗಿಡ್ಡ ಮತ್ತು ಹೆಚ್ಚು ಕಡಿಮೆ ಅಡ್ಡ. ಕಿವಿ ಸೋರುವ ಮಕ್ಕಳ ಅಪ್ಪ ಅಮ್ಮನನ್ನು ಹೇಗೆ ಹಾಲು ಕುಡಿಸುತ್ತೀರಿ ಎಂದು ಡಾಕ್ಟರು ಕೇಳುವುದು ಇದಕ್ಕೇ. ಸರಿ, ತಲೆ ಎತ್ತರದಲ್ಲಿರಬೇಕಾದರೆ ಮಗುವನ್ನು ತೊಡೆಯ ಮೇಲೆ ಎತ್ತಿಕೊಳ್ಳಬೇಕು. ಎತ್ತಿಕೊಂಡರೆ ಆನೆ ಕೂರಲು ಜಾಗವಿಲ್ಲ. ಆನೆ ಕೂರಬೇಕಾದರೆ ಮಗು ಅಂಗಾತ ಮಲಗಬೇಕು. ಈ ಎರಡನ್ನೂ ಏಕಕಾಲಕ್ಕೆ ಸಾಧಿಸುವ ಕ್ರಮ ಮುಂದಿನ ಮುದ್ರಣದಲ್ಲಿ.

ಮೂರು. ಸುಮ್ಮನೆ ಕೂತು ನೋಡಿ. ಫೋನು ಮುಟ್ಟಬೇಡಿ.

ಈ ಮೂರನೆಯ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ನಾನು ಫೋನು ಮುಟ್ಟಿದ್ದೆ. ಕೂಸು ಹಾಲು ಕುಡಿಯುವುದು ನಾವು ಎಳನೀರು ಏರಿಸಿದಂತಲ್ಲ. ಚೀಪಬೇಕು, ನುಂಗಬೇಕು, ಉಸಿರಾಡಬೇಕು. ನಾಲ್ಕಾರು ಸಲ ಹೀಗೆ ಆದಮೇಲೆ ಸುಮ್ಮನೆ ಬಾಯಲ್ಲಿಟ್ಟುಕೊಂಡು ಸುಧಾರಿಸಿಕೊಳ್ಳಬೇಕು. ಎದೆಯಲ್ಲಿ ಕುಡಿಯುವಾಗ ಮಗು ಚೀಪುವುದು ನಿಂತರೆ ಹಾಲೂ ಬಹುಮಟ್ಟಿಗೆ ನಿಲ್ಲುತ್ತದೆ. ತಲೆಕೆಳಗಾದ ಬಾಟಲಿಗೆ ಆ ಸೂಕ್ಷ್ಮವಿಲ್ಲ, ಅದು ತೊಟ್ಟಿಕ್ಕುತ್ತಲೇ ಇರುತ್ತದೆ. ಕೈಯಲ್ಲಿ ಹಿಡಿದವನಿಗೆ ಇದು ಬೆರಳಿಗೇ ಗೊತ್ತಾಗುತ್ತದೆ. ಎಳೆತ ಸಡಿಲವಾಯಿತು ಅನ್ನಿಸಿದ ಕೂಡಲೇ ಬಾಟಲಿಯನ್ನು ತುಸು ಬಗ್ಗಿಸುತ್ತಾನೆ, ನಿಪ್ಪಲ್ಲಿನಿಂದ ಹಾಲು ಹಿಂದೆ ಸರಿಯುತ್ತದೆ, ಮಗು ಉಸಿರು ತೆಗೆದುಕೊಳ್ಳುತ್ತದೆ. ಆನೆಗೆ ಬೆರಳಿಲ್ಲ.

ಫೋನು ಮುಟ್ಟಿದ ರಾತ್ರಿ ನಾನು ಪಕ್ಕದಲ್ಲೇ ಕೂತಿದ್ದೆ, ಒಂದು ಮೊಳ ದೂರದಲ್ಲಿ. ಆಫೀಸಿನ ಗುಂಪಿನಲ್ಲಿ ಯಾರೋ ಏನೋ ಕೇಳಿದ್ದರು, ಉತ್ತರ ಬರೆದೆ. ತಲೆಯೆತ್ತಿದಾಗ ಮಗು ಮುಖ ತಿರುಗಿಸಲು ನೋಡುತ್ತಿತ್ತು. ಆನೆ ಎದೆಯ ಮೇಲೆಯೇ ಕೂತಿದ್ದರಿಂದ ಮುಖ ಹೋದ ಕಡೆಗೆ ಬಾಟಲಿಯೂ ಹೋಗುತ್ತಿತ್ತು. ಕೆನ್ನೆ, ಕುತ್ತಿಗೆಯ ಮಡಿಕೆ, ಕಿವಿಯ ಹಿಂದೆಲ್ಲ ಹಾಲು. ಕಣ್ಣು ಅಗಲ. ಸದ್ದಿಲ್ಲ. ಎತ್ತಿಕೊಂಡು ಬೋರಲು ಹಾಕಿ ಬೆನ್ನು ತಟ್ಟಿದೆ, ಎರಡು ಸಲ ಕೆಮ್ಮಿತು, ಮೂಗಿನಿಂದ ಹಾಲು ಬಂತು, ಆಮೇಲೆ ಅತ್ತಿತು. ಹಾಲು ನೆತ್ತಿಗೇರಿತ್ತು. ನಾನು ಬರೆದಿದ್ದ ಉತ್ತರ ಎರಡು ಸಾಲಿನದು. ಅಷ್ಟು ಹೊತ್ತಿನಲ್ಲಿ ಇಷ್ಟಾಯಿತು. ಹೆಂಡತಿ ಎದ್ದು ಬಾಗಿಲಲ್ಲಿ ನಿಂತಿದ್ದಳು. ಆನೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮಗುವನ್ನು ಇಸಿದುಕೊಂಡಳು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಉತ್ಪನ್ನದ ವಂಶಾವಳಿ

ಇದು ಹೊಸ ತಂತ್ರಜ್ಞಾನವೆಂದು ತಿಳಿಯಬೇಡಿ. ಮಗು ತನ್ನ ಪಾಡಿಗೆ ತಾನು ಕುಡಿದುಕೊಂಡಿರಲಿ ಎಂಬ ಆಸೆ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲೂ ಇತ್ತು. ಆಗ ಗಾಜಿನ ಚಪ್ಪಟೆ ಬಾಟಲಿಗೆ ಉದ್ದನೆಯ ರಬ್ಬರ್ ನಳಿಗೆ ಸಿಕ್ಕಿಸಿ ಅದರ ತುದಿಗೆ ನಿಪ್ಪಲ್ಲು ಹಾಕುತ್ತಿದ್ದರು. ಬಾಟಲಿ ತೊಟ್ಟಿಲಲ್ಲಿ ಮಗುವಿನ ಮಗ್ಗುಲಿಗೇ ಮಲಗಿರುತ್ತಿತ್ತು, ಮಗು ಎಚ್ಚರವಾದಾಗಲೆಲ್ಲ ಚೀಪುತ್ತಿತ್ತು. ನಳಿಗೆಯ ಒಳಗನ್ನು ಸರಿಯಾಗಿ ತೊಳೆಯಲು ಆಗುತ್ತಿರಲಿಲ್ಲ. ಹಾಲು ಅಲ್ಲೇ ಹುಳಿತು, ಅಲ್ಲೇ ಕೆಟ್ಟು, ಮತ್ತೆ ಮಗುವಿನ ಹೊಟ್ಟೆಗೇ ಹೋಗುತ್ತಿತ್ತು. ಮನೆವಾರ್ತೆಯ ಬಗ್ಗೆ ಇಡೀ ದೇಶಕ್ಕೆ ಬುದ್ಧಿ ಹೇಳಿದ ಇಸಬೆಲ್ಲಾ ಬೀಟನ್ ತಮ್ಮ 1861ರ ಪುಸ್ತಕದಲ್ಲಿ, ಒಮ್ಮೆ ಕಟ್ಟಿದ ನಿಪ್ಪಲ್ಲನ್ನು ವಾರಗಟ್ಟಲೆ ಬಿಚ್ಚುವ ಅಗತ್ಯವಿಲ್ಲ ಎಂದುಬಿಟ್ಟಿದ್ದರು. ಬರಬರುತ್ತ ಜನ ಈ ನಳಿಗೆಯ ಬಾಟಲಿಯನ್ನು ಕೊಲೆಗಡುಕ ಬಾಟಲಿ ಎಂದೇ ಕರೆದರು. ಫ್ರಾನ್ಸ್ 1910ರಲ್ಲಿ ಕಾನೂನು ಮಾಡಿ ನಳಿಗೆಯ ಬಾಟಲಿಯನ್ನು ನಿಷೇಧಿಸಿತು.

ನಮ್ಮ ಆನೆಯ ಹತ್ತಿರದ ನೆಂಟರ ಗತಿಯೂ ಹೇಳಿಕೊಳ್ಳುವಂತಿಲ್ಲ. ಮಗು ತಾನೇ ಕುಡಿಯುವಂತೆ ಬಾಟಲಿಗೆ ಕಟ್ಟುವ ದಿಂಬುಗಳ ಬಗ್ಗೆ 2022ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಉತ್ಪನ್ನ ಸುರಕ್ಷತೆ ಮತ್ತು ಗುಣಮಟ್ಟ ಕಚೇರಿ ಎಚ್ಚರಿಕೆ ಹೊರಡಿಸಿತು: ಬಳಸುವುದನ್ನು ಈಗಲೇ ನಿಲ್ಲಿಸಿ, ಎಸೆಯಿರಿ. ಉಸಿರುಗಟ್ಟಬಹುದು, ಹಾಲು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು ಎಂಬುದು ಕಾರಣ. ಆ ಕಚೇರಿ ಹೊಲಿಗೆಯ ತಪ್ಪು ಹುಡುಕಲಿಲ್ಲ. ಇವುಗಳ ಉದ್ದೇಶವೇ ಹಾಗಿರುವುದರಿಂದ ಇವನ್ನು ಸುರಕ್ಷಿತ ಮಾಡಲು ಆಗುವುದೇ ಇಲ್ಲ ಎಂದಿತು.

ಭಾರತದ ವಿಷಯ ಬೇರೆ ರೀತಿ ಸ್ವಾರಸ್ಯಕರ. ನಮ್ಮಲ್ಲಿ 1992ರ ಕಾಯ್ದೆಯ ಪ್ರಕಾರ ಹಾಲೂಡಿಸುವ ಬಾಟಲಿಗೆ ಜಾಹೀರಾತು ಕೊಡುವಂತಿಲ್ಲ. ಬಾಟಲಿ ಎಂದರೆ ಏನು ಎಂದು ಕಾಯ್ದೆಯೇ ವಿವರಿಸಿದೆ, ಅದಕ್ಕೆ ಸಿಕ್ಕಿಸುವ ನಿಪ್ಪಲ್ಲು, ವಾಲ್ವು ಕೂಡ ಸೇರಿದಂತೆ. ಆನೆಯ ಸುದ್ದಿ ಆ ವಿವರಣೆಯಲ್ಲಿಲ್ಲ. ರಾತ್ರಿ ಎರಡೂವರೆಗೆ ಫೋನಿನ ಪರದೆಯ ಮೇಲೆ ಅದು ಕಿವಿಯಾಡಿಸುತ್ತ ಬಂದು ನಿಂತದ್ದು ಆ ಸಂದಿಯಿಂದಲೇ ಇರಬೇಕು.

ಪರ್ಯಾಯ ಉಪಕರಣ

ಕೊಯ್ಲು ಮುಗಿಸಿ ಬಂದ ಅತ್ತೆ ಚೀಲ ಇಳಿಸುವ ಮೊದಲೇ ಆನೆಯನ್ನು ಕಂಡರು.

"ಇದೆಂತದು ಮಾರಾಯ್ರೆ?"

"ಬಾಟಲಿ ಹಿಡ್ಕೊಳ್ಳುತ್ತೆ ಅತ್ತೆ."

"ಹಂಗಾರೆ ನೀವೆಂತ ಹಿಡ್ಕೊಳ್ತೀರಿ?"

ನನ್ನ ಕೈಯಲ್ಲಿದ್ದುದನ್ನು ಜೇಬಿಗೆ ಹಾಕಿಕೊಂಡೆ.

ಅವರ ಚೀಲದಲ್ಲಿ ಒಳಲೆಯಿತ್ತು. ಹೊಸ ಪೀಳಿಗೆಯ ಗ್ರಾಹಕರಿಗಾಗಿ ವಿವರಣೆ: ಅಂಗೈಯಲ್ಲಿ ಕೂರುವಷ್ಟು ಪುಟ್ಟ ಬಟ್ಟಲು, ಒಂದು ಕಡೆ ಮೂತಿ ಉದ್ದ. ಬೆಳ್ಳಿಯದೋ ಹಿತ್ತಾಳೆಯದೋ ಇರುತ್ತದೆ. ಇದಕ್ಕೆ ಮುಚ್ಚಳವಿಲ್ಲ, ನಳಿಗೆಯಿಲ್ಲ, ಸಂದಿಯಿಲ್ಲ, ತೊಳೆದು ಕುದಿಯುವ ನೀರಿಗೆ ಹಾಕಿದರೆ ಮುಗಿಯಿತು. ಅವಧಿಗೆ ಮುಂಚೆ ಹುಟ್ಟಿ ಚೀಪಲು ತ್ರಾಣವಿಲ್ಲದ ಕೂಸುಗಳಿಗೆ ಆಸ್ಪತ್ರೆಗಳಲ್ಲಿ ಇವತ್ತಿಗೂ ಇದರಲ್ಲೇ ಹಾಲು ಹಾಕುತ್ತಾರೆ. ಇದರ ಮುಖ್ಯ ವಿನ್ಯಾಸ ದೋಷವೆಂದರೆ ಎಲ್ಲೂ ಒರಗಿಸಿ ಹೋಗಲು ಬರುವುದಿಲ್ಲ. ಕೈಬಿಟ್ಟರೆ ಚೆಲ್ಲುತ್ತದೆ.

ಹಾಗೆಂದು ಒಳಲೆಯನ್ನು ಪೂಜಿಸಲೂ ಬೇಡಿ. ಮಗುವಿನ ಮೂಗು ಒತ್ತಿ ಹಿಡಿದು ಹರಳೆಣ್ಣೆ, ತುಪ್ಪ ಸುರಿದು ಎಣ್ಣೆಯನ್ನು ಶ್ವಾಸಕೋಶಕ್ಕಿಳಿಸಿದ ಹಿರಿಯರೂ ಇದೇ ಒಳಲೆ ಹಿಡಿದವರು. ಅತ್ತೆ ಹಾಗೆ ಮಾಡಲಿಲ್ಲ. ಮೂತಿಯನ್ನು ತುಟಿಯ ಅಂಚಿಗೆ ತಾಗಿಸಿ, ಹನಿ ಹನಿ ಬಿಟ್ಟು, ಪ್ರತಿ ಸಲ ಕಾದರು. ಕಾಯುತ್ತಿರುವಾಗ ಅಡಿಕೆಯ ದರ ಹೇಳಿದರು, ಕೊನೆಗಾರರ ಕೂಲಿ ಹೇಳಿದರು, ಪಕ್ಕದ ಮನೆಯ ಮದುವೆಯ ಊಟ ಹೇಗೆ ಕೆಟ್ಟಿತು ಎಂದೂ ಹೇಳಿದರು. ಮಗು ಅವರ ಮುಖವನ್ನೇ ನೋಡುತ್ತಿತ್ತು.

ದೋಷ ನಿವಾರಣೆ

ಬಾಟಲಿ ಸೊಂಡಿಲಿನಿಂದ ಜಾರುತ್ತಿದ್ದರೆ ವೆಲ್ಕ್ರೊಗೆ ನೂಲು ತುಂಬಿಕೊಂಡಿದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಮಗು ಜೋರಾಗಿ ಅಳುತ್ತಿದ್ದರೆ ಗಾಬರಿ ಬೇಡ, ಉಸಿರಾಟ ಚೆನ್ನಾಗಿದೆ. ಮಗು ಸದ್ದೇ ಮಾಡದೆ ಕಣ್ಣು ಬಿಡುತ್ತಿದ್ದರೆ ಕೈಪಿಡಿ ಓದುತ್ತ ಕೂರಬೇಡಿ. ಕುಡಿಯುತ್ತ ಕುಡಿಯುತ್ತಲೇ ಮಗು ನಿದ್ದೆ ಹೋದರೆ ಬಾಟಲಿ ತೆಗೆದು, ಹೆಗಲಿಗೆ ಹಾಕಿ ತೇಗಿಸಿ ಮಲಗಿಸಿ. ಆನೆ ತೇಗಿಸುವುದಿಲ್ಲ. ಹಲ್ಲು ಬಂದ ಮಗುವಿನ ಬಾಯಲ್ಲಿ ಹಾಲಿನ ಬಾಟಲಿ ರಾತ್ರಿಯಿಡೀ ಉಳಿದರೆ ಮೇಲಿನ ಮುಂಬಲ್ಲುಗಳು ಮೊದಲು ಕಪ್ಪಾಗುತ್ತವೆ.

ಆನೆಯನ್ನು ವಾಪಸು ಮಾಡುವ ಅವಧಿ ಏಳು ದಿನ. ಎಂಟನೆಯ ದಿನ ನಾನು ದೂರು ಬರೆದೆ. ತಮ್ಮ ಅನುಭವಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಉತ್ತರ ಬಂತು.

ಇತರ ಉಪಯೋಗಗಳು

ಅತ್ತೆ ಆನೆಯನ್ನು ಬಿಸಾಡಲು ಬಿಡಲಿಲ್ಲ. ತಳ ದುಂಡಗಿರುವ ಅವರ ಕಂಚಿನ ಪಾತ್ರೆ ನಮ್ಮ ಗ್ರಾನೈಟ್ ಕಟ್ಟೆಯ ಮೇಲೆ ಓಲಾಡುತ್ತಿತ್ತು. ಈಗ ಸೊಂಡಿಲಿನ ಉಂಗುರದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಆನೆಯ ಒಂದು ಕಿವಿಗೆ ಸಾರಿನ ಕಲೆಯಾಗಿದೆ, ಒಗೆದರೂ ಹೋಗಿಲ್ಲ. ಒಗೆಯುವ ವಿಧಾನ: ತಣ್ಣೀರು, ಬಾರ್ ಸೋಪು, ನೆರಳಲ್ಲಿ ಒಣಗಿಸಿ.

ಗ್ರಾಹಕ ಸೇವೆ

ಈ ಕೈಪಿಡಿಯ ಬಗ್ಗೆ ಸಂದೇಹಗಳಿದ್ದರೆ ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಯಾವಾಗ ಬೇಕಾದರೂ ಕರೆ ಮಾಡಬಹುದು. ಆ ಹೊತ್ತಿನಲ್ಲಿ ನಾನು ಎಚ್ಚರವಾಗಿಯೇ ಇರುತ್ತೇನೆ. ಫೋನು ಮಾತ್ರ ಎತ್ತುವುದಿಲ್ಲ. ಎರಡೂ ಕೈ ಖಾಲಿ ಇರುವುದಿಲ್ಲ.