ಕಾಂಪೌಂಡ್ ಮೇಲೊಂದು ಪಾಸ್‌ವರ್ಡ್

ಅಲ್ಲ ಕಣಮ್ಮ, ಕಾಂಪೌಂಡ್ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ನಿಂತಿದ್ದೀಯಲ್ಲ, ಮೇಲೆ ಕಾಗೆ ಕೂತಿದೆ ನೋಡು. ಏನು, ರಾತ್ರಿ ಕ್ಲೈಂಟಿಗೆ ಫೈಲ್ ಕಳಿಸೋ ಸ್ಕ್ರಿಪ್ಟಾ? ಎಲ್‌ಎಫ್‌ಟಿಪಿಲಿ? ಎಲ್ಲಿ, ಈ ಕಡೆ ತಿರುಗಿಸು. ಅಯ್ಯೋ, ಪಾಸ್‌ವರ್ಡನ್ನ ಕಮಾಂಡಿನ ಸಾಲಲ್ಲೇ ಬರೆದು ಕೂತಿದ್ದೀಯಲ್ಲೇ!

ಲಿನಕ್ಸ್‌ನಲ್ಲಿ ಕಮಾಂಡಿನ ಸಾಲು ಅಂದ್ರೆ ಸಾಮಾನ್ಯವಾಗಿ ಊರಿಗೆಲ್ಲ ಕಾಣೋ ಸಾಲು. ಅದೇ ಮಷೀನಿಗೆ ಲಾಗಿನ್ ಆದ ಇನ್ಯಾರೋ ‘ಪಿಎಸ್’ ಓಡಿಸಿದರೆ ಕಣ್ಣಿಗೆ ಬೀಳುತ್ತೆ. ಕರ್ಲ್ ಥರದ ಕೆಲವು ಅದನ್ನ ಅಳಿಸೋಕೆ ನೋಡ್ತವೆ, ಅದೂ ಎಲ್ಲ ಕಡೆ ನಡೆಯಲ್ಲ.

ಎನ್ವಿರಾನ್‌ಮೆಂಟ್ ವೇರಿಯಬಲ್ಲಲ್ಲಿ ಇಡು ಅಂದ್ರಾ ನಿಮ್ಮ ಲೀಡು? ಸರಿಯಾಗೇ ಹೇಳಿದ್ದಾರೆ. ‘ಎಲ್‌ಎಫ್‌ಟಿಪಿ_ಪಾಸ್‌ವರ್ಡ್’ ಅಂತ ಒಂದಿದೆ, ಎಲ್ಲಾ ದೊಡ್ಡಕ್ಷರ. ಅದರಲ್ಲಿಟ್ಟು, ಕಮಾಂಡಿಗೆ ‘ಎನ್ವ್-ಪಾಸ್‌ವರ್ಡ್’ ಅನ್ನೋ ಆಪ್ಷನ್ ಸೇರಿಸಿದರೆ ಮುಗೀತು. ಪ್ರೊಕ್‌ನ ಕೆಳಗಿರೋ ‘ಎನ್ವಿರಾನ್’ ಫೈಲನ್ನ ನೀನು ಓದಬಹುದು, ರೂಟ್ ಓದಬಹುದು, ಪಕ್ಕದ ಯೂಸರ್‌ಗೆ ಸಿಗಲ್ಲ.

ಹಾಗಂತ ಅದನ್ನ ತಿಜೋರಿ ಅಂದ್ಕೋಬೇಡ. 1979ರ ಏಳನೇ ಆವೃತ್ತಿ ಯುನಿಕ್ಸ್‌ನಲ್ಲಿ ಬಂದ ಏರ್ಪಾಡು ಅದು. ಹೋಮ್ ಡೈರೆಕ್ಟರಿ ಯಾವುದು, ಕಮಾಂಡುಗಳನ್ನ ಎಲ್ಲಿ ಹುಡುಕಬೇಕು, ಇಂಥ ಸಾದಾ ವಿಷಯ ಹೇಳೋದು ಅದರ ಕೆಲಸ. ಗುಟ್ಟು ಕಾಯೋ ಡ್ಯೂಟಿ ಆಮೇಲೆ ನಾವು ಹೊರಿಸಿದ್ದು. ಒಂದು ಸಲ ‘ಎಕ್ಸ್‌ಪೋರ್ಟ್’ ಮಾಡಿದೆಯೋ, ಮದುವೆ ಊಟದ ಹಾಗೆ, ಕರೆದೋರ ಹಿಂದೆ ಬಂದೋರಿಗೂ ಎಲೆ ಹಾಕ್ಬೇಕು. ಆ ಶೆಲ್‌ನಿಂದ ಶುರುವಾದ ಎಡಿಟರು, ಪೈಥಾನು, ಅದು ಹುಟ್ಟುಹಾಕಿದ ಇನ್ನೊಂದು, ಎಲ್ಲಕ್ಕೂ ಒಂದೊಂದು ಪ್ರತಿ. ಅದಕ್ಕೇ ಎಕ್ಸ್‌ಪೋರ್ಟ್ ಬಿಟ್ಟು, ಕಮಾಂಡಿಗೆ ಮೊದಲು ಅದೇ ಸಾಲಲ್ಲಿ ಬರಿ, ಆ ಒಂದಕ್ಕೆ, ಅದು ಹುಟ್ಟುಹಾಕಿದ್ದಕ್ಕೆ ಮಾತ್ರ ಸಿಗುತ್ತೆ. ಪಾಸ್‌ವರ್ಡನ್ನ ಆ ಸಾಲಲ್ಲೇ ಕೈಯಾರೆ ಟೈಪ್ ಮಾಡಬೇಡ, ಬ್ಯಾಷ್ ಹಿಸ್ಟರಿಲಿ ಉಳಿಯುತ್ತೆ. ‘ರೀಡ್’ಗೆ ‘ಎಸ್’ ಆಪ್ಷನ್ ಹಾಕಿದರೆ ಪರದೆ ಮೇಲೆ ತೋರಿಸದೆ ತಗೊಳ್ಳುತ್ತೆ.

ರಾತ್ರಿ ಎರಡಕ್ಕೆ ಯಾರು ಎದ್ದು ಟೈಪ್ ಮಾಡ್ತಾರೆ ಅಂಕಲ್ ಅಂತೀಯಾ? ಅದೂ ನಿಜವೇ. ಹಾಗಾದರೆ 600 ಪರ್ಮಿಷನ್ನಿನ ಒಂದು ಫೈಲಲ್ಲಿಟ್ಟು ಸ್ಕ್ರಿಪ್ಟು ಓದಿಕೊಳ್ಳಲಿ. ಬ್ಯಾಷ್‌ಆರ್‌ಸಿಲಿ ಹಾಕಿ ನಿಶ್ಚಿಂತೆಯಾಗಿ ಮಲಗಬೇಡ. ರಾತ್ರಿ ಸ್ಕ್ರಿಪ್ಟು ಓಡಿಸೋ ಕ್ರಾನ್ ತಾನಾಗಿ ಅದನ್ನ ಓದಲ್ಲ. ಹಗಲು ನಿನ್ನ ಕೈಲಿ ಜುಮ್ಮಂತ ಓಡಿದ್ದು ರಾತ್ರಿ ‘ಲಾಗಿನ್ ಫೇಲ್’ ಅಂತ ಮುಖ ಊದಿಸಿಕೊಂಡು ಕೂತಿರುತ್ತೆ.

ಒಂದೊಂದು ಟೂಲಿಗೆ ಒಂದೊಂದು ಮಡಿ ಬೇರೆ. ಆರ್‌ಸಿಂಕ್‌ನ ‘ಆರ್‌ಸಿಂಕ್_ಪಾಸ್‌ವರ್ಡ್’ ಡೀಮನ್ ಜೊತೆ ಮಾತಾಡೋವಾಗ ಮಾತ್ರ ಕೆಲಸಕ್ಕೆ ಬರುತ್ತೆ, ಎಸ್‌ಎಸ್‌ಎಚ್ ಮೇಲೆ ಹೋದರೆ ಅದನ್ನ ಮೂಸಿಯೂ ನೋಡಲ್ಲ. ಆರ್‌ಕ್ಲೋನ್ ಅಂತೂ ಇನ್ನೂ ವಿಚಿತ್ರ. ಎಫ್‌ಟಿಪಿ ಪಾಸ್‌ವರ್ಡನ್ನ ವೇರಿಯಬಲ್ಲಲ್ಲಿ ಇದ್ದ ಹಾಗೇ ಇಟ್ಟರೆ, ಇದನ್ನ ‘ಅಬ್‌ಸ್ಕ್ಯೂರ್’ ಮಾಡಿದ್ದೀರಾ ಅಂತ ನಮಗೇ ತಿರುಗಿ ಪ್ರಶ್ನೆ ಹಾಕುತ್ತೆ. ಹಾಗೆ ಮಾಡಿಟ್ಟರೂ ಬಿಚ್ಚೋ ಕೀ ಅದರ ಸೋರ್ಸ್‌ನಲ್ಲೇ ಇದೆ, ಆರ್‌ಕ್ಲೋನ್ ಇರೋ ಯಾರು ಬೇಕಾದರೂ ವಾಪಸ್ ತೆಗೀಬಹುದು. ಹಿಂದೆ ನಿಂತು ಇಣುಕೋರ ಕಣ್ಣಿಗೆ ಮರೆ, ಅಷ್ಟೇ ಅದರ ಉಪಕಾರ. ಆದರೆ ಕಾನ್ಫಿಗ್ ಫೈಲಿಗೇ ನಿಜವಾದ ಬೀಗ ಜಡಿದಿದ್ದರೆ, ಅದರ ಪಾಸ್‌ವರ್ಡು ಮಾತ್ರ ‘ಆರ್‌ಕ್ಲೋನ್_ಕಾನ್ಫಿಗ್_ಪಾಸ್’ನಲ್ಲಿ ಇದ್ದ ಹಾಗೇ ಇರಬೇಕು! ಇದನ್ನೆಲ್ಲ ಯಾರು ನೆನಪಿಟ್ಕೋತಾರೆ ಹೇಳು.

ಅಂದ ಹಾಗೆ, ಆ ಕಡೆ ಸರ್ವರ್ ಎಸ್‌ಎಫ್‌ಟಿಪಿ ತಾನೆ? ಏನು, ಬರೀ ಎಫ್‌ಟಿಪಿನಾ? ಟಿಎಲ್‌ಎಸ್ಸೂ ಇಲ್ವಾ? ಸರಿಹೋಯ್ತು ಬಿಡು. ಇಷ್ಟೆಲ್ಲ ಮುಚ್ಚಿಟ್ಟ ಪಾಸ್‌ವರ್ಡು ದಾರಿಯುದ್ದಕ್ಕೂ ಬಟಾಬಯಲಲ್ಲೇ ಹೋಗುತ್ತೆ. ಮೊದಲು ಅವರಿಗೊಂದು ಮೇಲ್ ಹಾಕು, ಎಸ್‌ಎಫ್‌ಟಿಪಿ ಕೊಡ್ತೀರಾ ಅಂತ ಕೇಳು. ಕೊಟ್ಟರೆ ಎಸ್‌ಎಸ್‌ಎಚ್ ಕೀ ಹಾಕ್ಕೊಂಡರಾಯ್ತು, ಈ ವೇರಿಯಬಲ್ ತಂಟೇನೇ ಬೇಡ.