ಎಲೆಮರೆಯ ಬೋರ್ಡು

ಮೂವತ್ತನಾಲ್ಕು ವರ್ಷ ಕಂದಾಯ ಇಲಾಖೆಯಲ್ಲಿ ಗುಮಾಸ್ತಿಕೆ ಮಾಡಿದವನು ನಾನು. ಆ ಅವಧಿಯಲ್ಲಿ ಎಷ್ಟು ಅರ್ಜಿಗಳ ಮೇಲೆ ‘ಪರಿಶೀಲಿಸಲಾಗಿ, ಪುರಸ್ಕರಿಸಲು ಅವಕಾಶವಿರುವುದಿಲ್ಲ’ ಎಂದು ಹಿಂಬರಹ ಬರೆದಿದ್ದೇನೋ, ಲೆಕ್ಕವಿಟ್ಟಿಲ್ಲ. ಚಿತ್ರಗುಪ್ತ ಇಟ್ಟಿರಬಹುದು. ಅವನೂ ಒಂದು ರೀತಿಯಲ್ಲಿ ನಮ್ಮ ಇಲಾಖೆಯವನೇ. ನಿವೃತ್ತನಾದ ಮೇಲೆ ನಾನೇ ಒಂದು ಅರ್ಜಿ ಬರೆಯಬೇಕಾಗಿ ಬಂತು. ಅದೂ ಎಲ್ಲಿ? ನಮಗೆ ಗುಮಾಸ್ತಿಕೆ ಕಲಿಸಿಕೊಟ್ಟು ಹೋದವರ ಊರಿನಲ್ಲಿ.

ಮಗ ಸೊಸೆ ಇರುವುದು ಇಂಗ್ಲೆಂಡಿನ ದಕ್ಷಿಣದ ಒಂದು ಊರು. ಹೆಸರು ಬೇಡ. ಸಂದರ್ಶಕರ ವೀಸಾದಲ್ಲಿ ಆರು ತಿಂಗಳು ಇರಬಹುದು ಎಂದು ಮೇ ತಿಂಗಳಲ್ಲಿ ಹೋಗಿದ್ದೆವು. ಜುಲೈ ತಿಂಗಳ ಒಂದು ಶನಿವಾರ ಮನೆಯಲ್ಲಿ ಕರಿಬೇವು ಮುಗಿಯಿತು. ಕರಿಬೇವಿಲ್ಲದ ಒಗ್ಗರಣೆ ಎಂದರೆ ನನ್ನ ಹೆಂಡತಿಗೆ ಮೊಹರಿಲ್ಲದ ನಕಲು ಇದ್ದ ಹಾಗೆ, ಚಲಾವಣೆ ಆಗುವುದಿಲ್ಲ. ಸರಿ, ನಾಲ್ವರೂ ಕಾರು ಹತ್ತಿ ಇಂಡಿಯನ್ ಅಂಗಡಿಗೆ ಹೊರಟೆವು. ಅಂಗಡಿಯ ಬೀದಿಯಲ್ಲಿ ಅಂಚಿಗೆ ಒಂಟಿ ಹಳದಿ ಗೆರೆ. ಮುಂದೆ ಒಂದು ಕಂಬ, ಅದರ ಮೇಲೆ ಪುಟ್ಟ ಹಳದಿ ಫಲಕ: ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 8ರಿಂದ ಸಂಜೆ 6.30ರವರೆಗೆ ನಿಲ್ಲಿಸಬಾರದು. ಮಗ ಓದಿದ, ಸೊಸೆ ಓದಿದಳು, ನಾನು ಕನ್ನಡಕ ಒರೆಸಿಕೊಂಡು ಓದಿದೆ. ಶನಿವಾರದ ಸುದ್ದಿಯೇ ಇಲ್ಲ. ನಿಲ್ಲಿಸಿದೆವು.

ಕರಿಬೇವು, ನುಗ್ಗೆಕಾಯಿ, ಒಂದು ಪೊಟ್ಟಣ ಚಿರೋಟಿ ರವೆ ತೆಗೆದುಕೊಂಡು ಇಪ್ಪತ್ತು ನಿಮಿಷದಲ್ಲಿ ಬಂದರೆ ಗಾಜಿನ ಮೇಲೆ ಹಳದಿ ಪ್ಲಾಸ್ಟಿಕ್ ಲಕೋಟೆ ಅಂಟಿದೆ. ಎಷ್ಟು ನೀಟಾಗಿ ಅಂಟಿಸಿದ್ದರೆಂದರೆ, ಮದುವೆ ಕರೆಯೋಲೆ ಇರಬೇಕು ಅಂದುಕೊಂಡಳು ಇವಳು. ಒಳಗೆ ಪೆನಾಲ್ಟಿ ಚಾರ್ಜ್ ನೋಟಿಸ್. ಅಲ್ಲಿಯವರ ಬಾಯಲ್ಲಿ ಪಿಸಿಎನ್. ನಿರ್ಬಂಧಿತ ಬೀದಿಯಲ್ಲಿ ನಿರ್ಬಂಧದ ಹೊತ್ತಿನಲ್ಲಿ ನಿಲ್ಲಿಸಿದ ಅಪರಾಧ, ಸಂಕೇತ ಸಂಖ್ಯೆ 01, ದಂಡ 70 ಪೌಂಡು. 14 ದಿನದೊಳಗೆ ಕಟ್ಟಿದರೆ ಅರ್ಧ, 35.

‘‘ಅಪ್ಪಾ, ಮೂವತ್ತೈದು ಬಿಸಾಕಿ ಸುಮ್ಮನಾಗೋಣ. ನನ್ನ ಟೈಮಿಗೆ ಅದಕ್ಕಿಂತ ಬೆಲೆ ಇದೆ’’ ಅಂದ ಮಗ.

‘‘ನನ್ನ ಟೈಮಿಗೆ ಯಾವ ಬೆಲೆಯೂ ಇಲ್ಲವಲ್ಲಪ್ಪ. ಅದನ್ನೇ ಖರ್ಚು ಮಾಡೋಣ’’ ಅಂದೆ. ಮೂವತ್ತೈದನ್ನು ರೂಪಾಯಿಗೆ ಗುಣಿಸಿ ನನ್ನ ಎದೆ ಆಗಲೇ ಒಮ್ಮೆ ಹೊಡೆದುಕೊಂಡಿತ್ತು.

ಈ ಅರ್ಧ ರಿಯಾಯಿತಿಯ ಬಗ್ಗೆ ಆಮೇಲೆ ಬಹಳ ಯೋಚಿಸಿದೆ. ಬೆಂಗಳೂರಿನಲ್ಲೂ 2023ರ ಫೆಬ್ರುವರಿಯಲ್ಲಿ ಸಂಚಾರ ಪೊಲೀಸರು ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿದ್ದರು. ಜನ ಸಾಲಾಗಿ ನಿಂತು ನೂರು ಕೋಟಿ ರೂಪಾಯಿಗೂ ಮೀರಿ ಕಟ್ಟಿ ಬಂದರು, ಆಷಾಢದ ಸೀರೆ ಸೇಲಿಗೆ ಹೋಗಿಬಂದಷ್ಟೇ ಸಂತೋಷದಲ್ಲಿ. ಆದರೆ ನಮ್ಮಲ್ಲಿ ರಿಯಾಯಿತಿ ಸಿಕ್ಕಿದ್ದು ವರ್ಷಗಟ್ಟಲೆ ಕಟ್ಟದೆ ಕೂತವನಿಗೆ. ಅಲ್ಲಿ ಸಿಗುವುದು ಮರುಮಾತಾಡದೆ ಕಟ್ಟುವವನಿಗೆ. ‘ನಾನು ತಪ್ಪು ಮಾಡಿಲ್ಲ’ ಎಂದು ಕೊನೆಯವರೆಗೂ ಹಟ ಹಿಡಿದು ಸೋತರೆ ಪೂರ್ತಿ ಎಪ್ಪತ್ತು. ತಪ್ಪು ಮಾಡದಿದ್ದರೂ ಒಪ್ಪಿಕೊಂಡುಬಿಟ್ಟರೆ ಮೂವತ್ತೈದು ಪೌಂಡು ಉಳಿತಾಯ. ಕೌನ್ಸಿಲ್ಲಿನಲ್ಲಿ ಯಾರೋ ಮನಶ್ಶಾಸ್ತ್ರ ಓದಿದವರಿದ್ದಾರೆ.

ಪಕ್ಕದ ಮನೆಯ ಗುಜರಾತಿ ಮಹಾಶಯರು ‘‘ಪಿಸಿಎನ್ನಾ? ಕಸದ ಬುಟ್ಟಿಗೆ ಹಾಕಿ’’ ಎಂದು ಉಪದೇಶ ಮಾಡಿದರು. ಪುಣ್ಯಕ್ಕೆ ಸೊಸೆ ತಡೆದಳು. ಖಾಸಗಿ ಜಾಗಗಳ ಪಾರ್ಕಿಂಗ್ ಕಂಪನಿಗಳೂ ಪಿಸಿಎನ್ ಎಂದೇ ಚೀಟಿ ಅಂಟಿಸುತ್ತಾರೆ, ಅದು ಪಾರ್ಕಿಂಗ್ ಚಾರ್ಜ್ ನೋಟಿಸ್, ಬರೀ ಬಿಲ್ಲು. ಕೌನ್ಸಿಲ್ಲಿನದು ಕಾಯ್ದೆ ಪ್ರಕಾರದ್ದು, ಸುಮ್ಮನಿದ್ದರೆ ಬೆಳೆಯುತ್ತಾ ಹೋಗಿ ಕೊನೆಗೆ ಜಪ್ತಿಯವರು ಬಾಗಿಲು ತಟ್ಟುತ್ತಾರೆ. ಮೂರು ಅಕ್ಷರಗಳು ಒಂದೇ, ಜಾತಕ ಬೇರೆ.

ಮಾರನೆಯ ಬೆಳಿಗ್ಗೆ ನಾನು ಸ್ಥಳ ಮಹಜರಿಗೆ ಹೊರಟೆ. ಪಂಚರಾಗಿ ಹೆಂಡತಿ ಮತ್ತು ಸೊಸೆ. ನಮ್ಮ ಕಾರು ನಿಂತಿದ್ದ ಜಾಗಕ್ಕೆ ಚೆಕ್ಕುಬಂದಿ ಹಾಕಿಕೊಂಡೆ: ಪೂರ್ವಕ್ಕೆ ಕ್ಷೌರದಂಗಡಿ, ಪಶ್ಚಿಮಕ್ಕೆ ಸಾರ್ವಜನಿಕ ರಸ್ತೆ, ಉತ್ತರಕ್ಕೆ ನಾವು ಓದಿದ ಕಂಬ, ದಕ್ಷಿಣಕ್ಕೆ ಒಂದು ಚೆರ್ರಿ ಮರ. ಆ ಮರದ ಹತ್ತಿರ ಹೋದಾಗಲೇ ಗೊತ್ತಾಗಿದ್ದು, ಅದರ ಹೊಟ್ಟೆಯೊಳಗೆ ಇನ್ನೊಂದು ಕಂಬವಿದೆ ಎಂದು. ಸೊಸೆ ಕೊಂಬೆ ಎತ್ತಿ ಹಿಡಿದಳು, ಇವಳು ಎಲೆ ಸರಿಸಿದಳು, ಗರ್ಭಗುಡಿಯ ಪರದೆ ಸರಿದಂತೆ ಫಲಕ ದರ್ಶನ ಕೊಟ್ಟಿತು: ಸೋಮವಾರದಿಂದ ಶನಿವಾರ. ಒಂದೇ ಬೀದಿ, ಒಂದೇ ಗೆರೆ, ಎರಡು ಶಾಸನ. ನಡುವೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆಂದು ಹೇಳುವ ಗುರುತು ಸವೆದು ಹೋಗಿದೆ. ನಾನು ಹೆಜ್ಜೆ ಅಳೆಯುತ್ತಾ ಓಡಾಡುವುದನ್ನು ಕಂಡು ನಾಯಿ ಹಿಡಿದುಕೊಂಡಿದ್ದ ಅಜ್ಜಿಯೊಬ್ಬರು ‘‘ಏನಾದರೂ ಕಳೆದುಕೊಂಡಿರಾ?’’ ಎಂದು ಕೇಳಿದರು. ಎಪ್ಪತ್ತು ಪೌಂಡು ಎಂದೆ. ‘‘ಓ, ಇಲ್ಲೇನು? ಈ ಬೇಸಿಗೆಯಲ್ಲೇ ನಾನೂ ಕಳೆದುಕೊಂಡೆ’’ ಎಂದು ನಕ್ಕು ನಾಯಿಯನ್ನು ಎಳೆದುಕೊಂಡು ಹೋದರು. ಆ ನಾಯಿ ನ್ಯಾಯವಾಗಿ ಅದೇ ಕಂಬಕ್ಕೆ ತನ್ನ ಷರಾ ಬರೆದು ಹೋಯಿತು.

ಬೋರ್ಡಿನ ವಿಷಯದಲ್ಲಿ ಈ ದೇಶ ಹೀಗೆ ಮಾಡಬಾರದಿತ್ತು. ಅವರ ರಸ್ತೆ ಫಲಕಗಳನ್ನು ಅರವತ್ತರ ದಶಕದಲ್ಲಿ ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಎಂಬ ಇಬ್ಬರು ಕೂತು ಹೊಸದಾಗಿ ರೂಪಿಸಿದರು. ವೇಗದಲ್ಲಿ ಹೋಗುವವನ ಕಣ್ಣಿಗೂ ಬೀಳಲಿ ಎಂದು ಅಕ್ಷರದ ಹೊಟ್ಟೆ, ಬಾಲ, ನಡುವಿನ ತೆರಪು ಎಲ್ಲವನ್ನೂ ತೂಗಿ ನೋಡಿದರು. 1965ರಿಂದ ಅವು ಜಾರಿಗೆ ಬಂದವು. ದನ ಅಡ್ಡ ಬರಬಹುದು ಎಂಬ ಫಲಕದಲ್ಲಿರುವ ಹಸು ಕ್ಯಾಲ್ವರ್ಟ್ ಅವರ ನೆಂಟರ ತೋಟದ ನಿಜವಾದ ಹಸು. ಅದರ ಹೆಸರು ಪೇಷೆನ್ಸ್, ಅಂದರೆ ನಮ್ಮಲ್ಲಿ ಸಹನಾ ಅಂತಿಟ್ಟುಕೊಳ್ಳಿ. ಹಸುವಿಗೆ ಅಷ್ಟು ಮರ್ಯಾದೆ ಕೊಟ್ಟವರು ಮರಕ್ಕೆ ಇಷ್ಟು ಸಲಿಗೆ ಕೊಟ್ಟಿದ್ದರು. ಜೋಡಿ ಹಳದಿ ಗೆರೆ ಇದ್ದರೆ ಫಲಕವೇ ಬೇಡ, ಯಾವ ಹೊತ್ತಿನಲ್ಲೂ ನಿಲ್ಲಿಸುವಂತಿಲ್ಲ. ಒಂಟಿ ಗೆರೆ ಹಾಗಲ್ಲ, ಹೊತ್ತು ಯಾವುದೆಂದು ಯಾರಾದರೂ ಹೇಳಬೇಕು. 1996ರ ನಿಯಮವೊಂದು ಇದನ್ನೇ ಹೇಳುತ್ತದೆ: ರಸ್ತೆ ಬಳಸುವವರಿಗೆ ಆದೇಶದ ಮಾಹಿತಿ ಸಾಕಷ್ಟು ಸಿಗುವಂತೆ ಕೌನ್ಸಿಲ್ಲು ಫಲಕ ಹಾಕಬೇಕು, ಹಾಕಿದ್ದನ್ನು ಹಾಗೇ ಕಾಪಾಡಿಕೊಳ್ಳಬೇಕು. ಇದನ್ನು ಲ್ಯಾಪ್‌ಟಾಪಿನಲ್ಲಿ ಹುಡುಕಿ ತೋರಿಸಿದವಳು ಸೊಸೆ. ಓದಿ ನನಗೆ ರೋಮಾಂಚನವಾಯಿತು. ಮೂವತ್ತನಾಲ್ಕು ವರ್ಷ ಜನರ ತಪ್ಪು ಹುಡುಕಲು ನಿಯಮ ಓದಿದ್ದೆ, ಕಚೇರಿಯ ತಪ್ಪು ಹುಡುಕಲು ಓದಿದ್ದು ಅದೇ ಮೊದಲು.

ಅರ್ಜಿ ಬರೆದೆ. ವಿಷಯ, ಉಲ್ಲೇಖ, ಅಡಕಗಳು ಎಲ್ಲ ಸೇರಿ ನಾಲ್ಕು ಪುಟ. ‘‘ಮಾವ, ಇಲ್ಲಿ ಯಾರೂ ಯಾರಿಗೂ ಬಿನ್ನವಿಸಿಕೊಳ್ಳೋದಿಲ್ಲ’’ ಎಂದು ಸೊಸೆ ಹನ್ನೊಂದು ಸಾಲಿಗೆ ಇಳಿಸಿ, ನನ್ನ ನಕ್ಷೆ ಮತ್ತು ಎಲೆಗಳ ಫೋಟೋ ಲಗತ್ತಿಸಿ ಮಗನ ಹೆಸರಿನಲ್ಲಿ ಕಳಿಸಿದಳು.

ಮೂರು ವಾರಕ್ಕೆ ಉತ್ತರ ಬಂತು. ಎಷ್ಟು ಸಭ್ಯವಾದ ಉತ್ತರ! ನಿಮಗಾದ ಬೇಸರ ಅರ್ಥವಾಗುತ್ತದೆ, ಎಲ್ಲವನ್ನೂ ಜಾಗರೂಕತೆಯಿಂದ ಪರಿಶೀಲಿಸಿದ್ದೇವೆ, ಆದರೂ ಫಲಕ ಸ್ಪಷ್ಟವಾಗಿದೆ, ಅರ್ಧ ದರದ ಅವಕಾಶವನ್ನು ಇನ್ನೂ 14 ದಿನ ಇಟ್ಟಿದ್ದೇವೆ. ಇಡೀ ಕಾಗದದಲ್ಲಿ ಮರ ಎಂಬ ಮಾತಿಲ್ಲ. ಅರ್ಜಿ ಓದದೆ ಬರೆದ ಉತ್ತರಕ್ಕೆ ಒಂದು ವಾಸನೆಯಿರುತ್ತದೆ. ನಾನು ಆ ವಾಸನೆಯಲ್ಲೇ ಸಂಬಳ ತಿಂದವನು, ತಕ್ಷಣ ಹೊಡೆಯಿತು.

ಅದರ ಜೊತೆಗೇ ಇನ್ನೊಂದು ನೆನಪೂ ಬಂತು. ಒಂದು ತಾಲ್ಲೂಕು ಕಚೇರಿಯಲ್ಲಿದ್ದಾಗ ಖಾತೆ ಬದಲಾವಣೆಯ ನೋಟಿಸೊಂದನ್ನು ಬೋರ್ಡಿಗೆ ಅಂಟಿಸಿದ್ದೆವು. ತಕರಾರಿದ್ದರೆ 30 ದಿನದೊಳಗೆ ಸಲ್ಲಿಸತಕ್ಕದ್ದು. ರೈತನೊಬ್ಬ ನಲವತ್ತನೆಯ ದಿನ ಬಂದ. ‘‘ಬೋರ್ಡಿಗೆ ಹಾಕಿದ್ದೆವಲ್ಲಯ್ಯ, ನೋಡಬಾರದಾಗಿತ್ತೆ?’’ ಅಂದೆ. ಅವನು ಬೋರ್ಡು ಎಲ್ಲಿದೆ ಸ್ವಾಮಿ ಎಂದು ಕೇಳಿದ. ಬೋರ್ಡಿನ ಮುಂದೆ ಕಬ್ಬಿಣದ ಬೀರು ನಿಲ್ಲಿಸಿದ್ದೆವು, ಅದರ ಪಕ್ಕಕ್ಕೆ ಕತ್ತು ತೂರಿಸಿದರೆ ನೋಟಿಸಿನ ಬಲಭಾಗ ಕಾಣುತ್ತಿತ್ತು. ಅವನು ಕತ್ತು ತೂರಿಸಿ ನೋಡಿದ, ನನ್ನ ಮುಖ ನೋಡಿದ, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಹೋದ. ಅವನ ಅರ್ಜಿಗೆ ನಾನು ಬರೆದ ಹಿಂಬರಹ ಬಲು ಅಚ್ಚುಕಟ್ಟಾಗಿತ್ತು. ಶಿರಸ್ತೇದಾರರು ಒಂದಕ್ಷರ ತಿದ್ದದೆ ಸಹಿ ಹಾಕಿದ್ದರು.

‘‘ಕಟ್ಟಿಬಿಡಲಾ?’’ ಎಂದ ಮಗ. ಬೇಡ ಎಂದೆ. ಏಕೆಂದರೆ ಕಾಗದದ ಜೊತೆಗಿದ್ದ ಫೋಟೋವನ್ನು ಭೂತಗನ್ನಡಿ ಹಿಡಿದು ನೋಡುತ್ತಿದ್ದೆ. ಫಲಕ ಸ್ಪಷ್ಟವಾಗಿದೆ ಎನ್ನುವುದಕ್ಕೆ ಪುರಾವೆಯಾಗಿ ಕೌನ್ಸಿಲ್ಲು ಕಳಿಸಿದ್ದ ಚಿತ್ರ ಅದು. ಫಲಕ ನಿಜವಾಗಿಯೂ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಹಿಂದಿನ ಚೆರ್ರಿ ಮರದಲ್ಲಿ ಒಂದೇ ಒಂದು ಎಲೆಯಿರಲಿಲ್ಲ. ಬರೀ ಕಡ್ಡಿ. ಪುಟ್ಟ ಮೂಲೆಯಲ್ಲಿ ನಡೆದುಹೋಗುತ್ತಿದ್ದ ಹೆಂಗಸಿನ ಕತ್ತಿಗೆ ಉಣ್ಣೆಯ ಮಫ್ಲರ್. ನಮಗೆ ದಂಡ ಬಿದ್ದದ್ದು ಆಷಾಢದಲ್ಲಿ, ಸಾಕ್ಷಿ ಬಂದದ್ದು ಮಾಘದಿಂದ.

ಮುಂದಿನ ದಾರಿ ಉದ್ದದ್ದು, ಆದರೆ ಖರ್ಚಿಲ್ಲದ್ದು. ವಾಹನದ ಒಡೆಯನಿಗೆ ಇನ್ನೊಂದು ನೋಟಿಸ್ ಬರುತ್ತದೆ, 28 ದಿನದೊಳಗೆ ಅದಕ್ಕೆ ವಿಧಿವತ್ತಾಗಿ ಸಮಜಾಯಿಷಿ ಕೊಡಬೇಕು. ಕೌನ್ಸಿಲ್ಲು 56 ದಿನದೊಳಗೆ ಉತ್ತರಿಸದಿದ್ದರೆ ನಮ್ಮ ವಾದ ಒಪ್ಪಿಕೊಂಡ ಲೆಕ್ಕ. ನಮ್ಮ ‘ಸಕಾಲ’ದಲ್ಲಿ ಕಚೇರಿ ತಡಮಾಡಿದರೆ ದಿನಕ್ಕೆ 20 ರೂಪಾಯಿ ಪರಿಹಾರ. ಅಲ್ಲಿ ತಡಮಾಡಿದರೆ ಇಡೀ ಕೇಸೇ ಕೈಬಿಟ್ಟುಹೋಗುತ್ತದೆ. ಉತ್ತರ ಕೊಟ್ಟು ಮತ್ತೆ ತಿರಸ್ಕರಿಸಿದರೆ ಸ್ವತಂತ್ರ ನ್ಯಾಯಮಂಡಳಿಗೆ ಮೇಲ್ಮನವಿ, ಅದಕ್ಕೆ ಶುಲ್ಕವಿಲ್ಲ. ಈ ತಕರಾರಿನ ಪರಂಪರೆ ಆ ದೇಶದಲ್ಲಿ ಟಿಕೆಟ್ಟಿನಷ್ಟೇ ಹಳೆಯದು. 1960ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬೀದಿಗೆ ಟ್ರಾಫಿಕ್ ವಾರ್ಡನ್‌ಗಳು ಇಳಿದಾಗ ಮೊಟ್ಟಮೊದಲ ಟಿಕೆಟ್ಟು ಬಿದ್ದದ್ದು ಡಾಕ್ಟರ್ ಥಾಮಸ್ ಕ್ರೈಟನ್ ಎಂಬವರ ಕಾರಿಗೆ. ಅವರು ಹೋಟೆಲೊಂದರಲ್ಲಿ ಹೃದಯಾಘಾತವಾದವರನ್ನು ನೋಡಲು ಓಡಿದ್ದರು. ಎರಡು ಪೌಂಡು ದಂಡ. ಜನ ಗಲಾಟೆ ಮಾಡಿದ ಮೇಲೆ ಮಾಫಿಯಾಯಿತು. ಕರಿಬೇವಿಗೂ ಹೃದಯಾಘಾತಕ್ಕೂ ಸರಿಸಾಟಿಯಿಲ್ಲ, ಒಪ್ಪುತ್ತೇನೆ.

ಎರಡನೆಯ ಅರ್ಜಿಯನ್ನು ಸೊಸೆಯ ತಿದ್ದುಪಡಿ ಇಲ್ಲದೆ ಬರೆದೆ. ಎರಡೇ ಪ್ರಶ್ನೆ: ಲಗತ್ತಿಸಿರುವ ಛಾಯಾಚಿತ್ರವನ್ನು ತೆಗೆದ ದಿನಾಂಕ ಯಾವುದು? ಅದೇ ದಿನಾಂಕದಂದು ನಮ್ಮ ಕಾರು ಅಲ್ಲಿತ್ತೆ?

ಉತ್ತರ ಬರುವ ಹೊತ್ತಿಗೆ ವೀಸಾ ಮುಗಿದು ನಾವು ಮೈಸೂರಿಗೆ ಬಂದಾಗಿತ್ತು. ಹೊರಡುವ ಮುಂಚೆ ಲಂಡನ್ನಿಗೆ ಹೋಗಿ ಥೇಮ್ಸ್ ದಡದ ಬಸವಣ್ಣನ ಪ್ರತಿಮೆಗೆ ಕೈಮುಗಿದು ಬಂದಿದ್ದೆವು, ರೈಲಿನಲ್ಲಿ. ಕಾರು ತೆಗೆಯುವ ಧೈರ್ಯ ಮಗನಿಗಿರಲಿಲ್ಲ. ನವೆಂಬರಿನ ಒಂದು ರಾತ್ರಿ ಅವನ ಫೋನು: ‘‘ಅಪ್ಪಾ, ಕ್ಯಾನ್ಸಲ್ ಆಯ್ತು!’’ ಓದಿ ಹೇಳು ಎಂದೆ. ಈ ಒಂದು ಸಲಕ್ಕೆ, ಸದ್ಭಾವನೆಯ ದೃಷ್ಟಿಯಿಂದ, ದಂಡವನ್ನು ರದ್ದುಪಡಿಸಲಾಗಿದೆ. ತಪ್ಪಾಯಿತು ಎಂಬ ಮಾತಿಲ್ಲ, ಫೋಟೋದ ಸುದ್ದಿಯಿಲ್ಲ, ಮರದ ಸುದ್ದಿ ಈ ಸಲವೂ ಇಲ್ಲ. ಇವಳು ‘‘ಅವರ ಸದ್ಭಾವನೆ ಯಾರಿಗೆ ಬೇಕಿತ್ತು ರೀ?’’ ಎಂದು ರೇಗಿದಳು. ನಾನು ಏನೂ ಹೇಳಲಿಲ್ಲ. ಆ ಕುರ್ಚಿಯಲ್ಲಿ ನಾನಿದ್ದಿದ್ದರೂ ಅಕ್ಷರಶಃ ಅದನ್ನೇ ಬರೆಯುತ್ತಿದ್ದೆ.

ಮರದ ಕೊಂಬೆ ಕಡಿದಿದ್ದಾರಂತೆ. ಶನಿವಾರ ಎಂಬುದು ಈಗ ಬೀದಿಯ ತುದಿಯಿಂದಲೇ ಕಾಣುತ್ತದಂತೆ. ಮಗ ಆ ಕಡೆ ಹೋಗುವುದನ್ನೇ ಬಿಟ್ಟಿದ್ದಾನೆ. ಕರಿಬೇವು ಆನ್‌ಲೈನಿನಲ್ಲಿ ಬರುತ್ತದೆ, ಡೆಲಿವರಿ ವ್ಯಾನಿನವನು ಹಳದಿ ಗೆರೆಯ ಮೇಲೆ ನಿಲ್ಲಿಸಿ ಕೊಟ್ಟು ಹೋಗುತ್ತಾನೆ.