ಎತ್ತಿದ ಬಂದೂಕು ಇಳಿಸುವ ಆಟ

ನಮ್ಮ ಹಾವೇರಿ ಜಿಲ್ಲೆಯಲ್ಲಿ ಸ್ಪರ್ಧೆ ಅಂದರೆ ಧೂಳು ಏಳಬೇಕು. ದೀಪಾವಳಿ ಬಂತೆಂದರೆ ಶುರುವಾಗುವ ಹೋರಿ ಬೆದರಿಸುವ ಸ್ಪರ್ಧೆಯನ್ನೇ ನೋಡಿ. ಕೋಡಿಗೆ ಬಲೂನು, ರಿಬ್ಬನ್ನು, ಕೊರಳಿಗೆ ಕೊಬ್ಬರಿ ಸರ ಕಟ್ಟಿಸಿಕೊಂಡ ಹೋರಿ ಅಖಾಡದಲ್ಲಿ ದಿಕ್ಕೆಟ್ಟು ಓಡಬೇಕು. ಹುಡುಗರು ಅದರ ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಮಾಳಿಗೆ ಹತ್ತಿದವರು ಸಿಳ್ಳೆ ಹೊಡೆಯಬೇಕು. ನಾಕು ಜನರ ಅಂಗಿ ಹರಿಯದಿದ್ದರೆ ಆ ವರ್ಷದ ಸ್ಪರ್ಧೆ ಸಪ್ಪೆ ಎಂದೇ ಲೆಕ್ಕ. ಉಳಿದಂತೆ ಕುಸ್ತಿ, ಗುಂಡುಕಲ್ಲು ಎತ್ತುವುದು, ಜೋಳದ ಚೀಲ ಹೊತ್ತು ಓಡುವುದು. ಎಲ್ಲದರಲ್ಲೂ ಬೆವರು ಕಾಣಬೇಕು, ಗದ್ದಲ ಕೇಳಬೇಕು. ಇಂಥ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಹುಟ್ಟಿ, ಗೊಬ್ಬರದ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹೊಟ್ಟೆ ಬೆಳೆಸಿದ ನಾನು ಬೆಂಗಳೂರಿಗೆ ಏರ್ ರೈಫಲ್ ಸ್ಪರ್ಧೆಗೆ ಹೋಗಿ ಬಂದೆನೆಂಬ ಸಂಗತಿ ಊರಿಗೆ ಇನ್ನೂ ಅರಗಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಅಣ್ಣನ ಮಗ. ಅವನು ಹುಬ್ಬಳ್ಳಿಯ ಒಂದು ರೇಂಜಿನಲ್ಲಿ ಶೂಟಿಂಗ್ ಕಲಿಯುತ್ತಿದ್ದ. ಕರೆದುಕೊಂಡು ಹೋಗಿ ಬರುವ ಕೆಲಸ ನನ್ನ ಪಾಲಿನದು. ಹೊರಗಿನ ಬೆಂಚಿನ ಮೇಲೆ ಕೂತು ನಾನು ಆಕಳಿಸುವುದನ್ನು ನೋಡಿ ನೋಡಿ ಕೋಚ್‌ಗೇ ಸಾಕಾಗಿರಬೇಕು. "ನೀವೂ ಒಂದ ಕೈ ನೋಡ್ರಲಾ ಸಾವಕಾರ್ರ" ಎಂದರು. ಯೂರಿಯಾ ಚೀಲ ಎತ್ತುವ ಕಸುವೂ ತೋಳಿನಲ್ಲಿ ಉಳಿದಿಲ್ಲ ಎಂದೆ. ಅದಕ್ಕವರು ಹುಬ್ಬಳ್ಳಿಯವರೇ ಆದ ಶ್ರೀಹರ್ಷ ದೇವರಡ್ಡಿಯವರ ಹೆಸರು ತೆಗೆದರು. ಅವರು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ವರೆಗೆ ಹೋದ ಏರ್ ರೈಫಲ್ ಶೂಟರ್. ಅವರ ವಿಭಾಗದವರ ತೋಳುಗಳು ಬಂದೂಕಿನ ಭಾರ ಹೊರಲಾರವು. ಬಂದೂಕನ್ನು ಹೊರುವುದು ಸ್ಪ್ರಿಂಗ್ ಸ್ಟ್ಯಾಂಡು, ಗುರಿ ಹಿಡಿಯುವುದು ಮನಸ್ಸು. ನನ್ನ ತೋಳಿನ ನೆವ ಅಲ್ಲಿಗೆ ಮುಗಿಯಿತು. ಆಮೇಲೆ ಕೋಚ್ ದನಿ ತಗ್ಗಿಸಿ, "45 ದಾಟಿದವರಿಗೆ ಮಾಸ್ಟರ್ಸ್ ಅಂತ ಬ್ಯಾರೆ ವಿಭಾಗ ಐತ್ರಿ. ಅದರಾಗ ಮಂದಿ ಭಾಳ ಕಡಿಮಿ" ಎಂದರು. ನನ್ನೊಳಗೆ ಮಲಗಿದ್ದ ಕ್ರೀಡಾಪಟು ಎದ್ದು ಕೂತದ್ದು ಈ ಕೊನೆಯ ಮಾತಿಗೆ.

ಊರಲ್ಲಿ ಸುದ್ದಿ ಹಬ್ಬಿತು. ಕಟ್ಟೆಯ ಮೇಲೆ ಕೂತಿದ್ದ ನಮ್ಮ ಕಾಕಾ ವಿಚಾರಣೆಗೆ ತೊಡಗಿದರು.

"ಏನ ಹೊಡೀತೀಪಾ ಅಲ್ಲಿ?"

"ಕಾಗದ, ಕಾಕಾ."

"ಕಾಗದಕ್ಕ ಬಂದೂಕ ಯಾಕ ಬೇಕೋ? ಕೈಲೆ ಹರದರ ಆತಲ್ಲ!"

ಹತ್ತು ಮೀಟರ್ ದೂರದ ಆ ಗುರಿಯ ನಡುವೆ ಅರ್ಧ ಮಿಲಿಮೀಟರಿನ ಚುಕ್ಕೆ ಇರುತ್ತದೆ, ಗಸಗಸೆ ಕಾಳಿಗಿಂತ ಚಿಕ್ಕದು, ಹೊಡೆಯುವ ಪೆಲೆಟ್ಟೇ ನಾಲ್ಕೂವರೆ ಮಿಲಿಮೀಟರು, ಅದು ಚುಕ್ಕೆಯ ನಟ್ಟನಡುವೆ ಕೂತರೆ 10.9 ಅಂಕ, ಅರವತ್ತಕ್ಕೆ ಅರವತ್ತೂ ಹಾಗೆ ಕೂತರೆ 654 ಎಂದೆಲ್ಲ ವಿವರಿಸಿದೆ. ಕಾಕಾ ಎಲೆಗೆ ಸುಣ್ಣ ಹಚ್ಚುತ್ತ, "ಹತ್ತಕ್ಕ ಹತ್ತರ ಮ್ಯಾಲ ಇನ್ನೊಂದೀಟು ಅಂಕ ಯಾವ ಸಾಲ್ಯಾಗ ಕೊಡ್ತಾರೋ?" ಎಂದು ಕೇಳಿ ವಿಚಾರಣೆಯನ್ನು ಮುಗಿಸಿಬಿಟ್ಟರು.

ಬೇರೆಯವರಿಗೆ ಬೇರೆ ಆಸೆ. "ಮಾವಾ, ನಮ್ಮ ಗೋವಿನಜ್ವಾಳಕ್ಕ ಹಂದಿ ಬಿದ್ದಾವು. ರಾತ್ರಿ ಒಂದಿಷ್ಟು ಹೊಲದ ಕಡೆ ಬರ್ರಿ" ಎಂದು ಉದ್ರಿ ಗಿರಾಕಿಯೊಬ್ಬ ದುಂಬಾಲು ಬಿದ್ದ. ಅರ್ಧ ಗ್ರಾಮಿನ ಸೀಸದ ಪೆಲೆಟ್ ತಾಗಿದರೆ ಹಂದಿ ಕಿವಿ ಒದರಿ ತೆನೆ ಮುರಿಯುವುದನ್ನು ಮುಂದುವರಿಸುತ್ತದೆ, ಅರಣ್ಯ ಇಲಾಖೆಯವರು ಬಂದು ಹಿಡಿಯುವುದು ನನ್ನನ್ನು ಎಂದು ಎಷ್ಟು ಹೇಳಿದರೂ ಅವನಿಗೆ ನಂಬಿಕೆ ಬರಲಿಲ್ಲ. "ಮತ್ತ ಅದೆಂಥಾ ಬಂದೂಕ್ರೀ?" ಎಂದು ಮರುಗಿದ.

ಬಂದೂಕಿಗಿಂತ ದೊಡ್ಡ ಫಜೀತಿ ಅಂಗಿಯದು. ಶೂಟಿಂಗ್ ಜಾಕೆಟ್ಟನ್ನು ದಪ್ಪ ಕ್ಯಾನ್ವಾಸು, ತೊಗಲು ಸೇರಿಸಿ ಹೊಲಿದಿರುತ್ತಾರೆ. ಹಾಕಿಕೊಂಡು ಬಕ್ಕಲ್ ಬಿಗಿದರೆ ಬೆನ್ನು ಬಾಗದು, ಕುತ್ತಿಗೆ ತಿರುಗದು. ಪ್ಯಾಂಟು ಅದರ ತಮ್ಮ. ಬೂಟಿನ ಅಡಿ ಹಲಗೆಯಂತೆ ಚಪ್ಪಟೆ. ಅದನ್ನು ಹಾಕಿ ನಡೆದರೆ ಎಂಥ ಗಂಭೀರ ಮನುಷ್ಯನ ನಡಿಗೆಯೂ ಹಾಸ್ಯಪಾತ್ರದ ಪ್ರವೇಶವಾಗುತ್ತದೆ. ಮೊದಲ ಸಲ ಪೂರ್ತಿ ವೇಷದಲ್ಲಿ ಪಡಸಾಲೆಗೆ ಬಂದಾಗ ಮನೆಯಾಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ದೊಡ್ಡಾಟದಾಗ ಯಾವ ಪಾರ್ಟ್ ಕೊಟ್ಟಾರ್ರೀ? ಕಿರೀಟ ಆಮ್ಯಾಗ ಬರತೈತೇನು?" ಎಂದಳು.

ಈ ಆಟದಲ್ಲಿ ಅರ್ಧ ಅಭ್ಯಾಸ ಗುಂಡು ಹಾರಿಸದೆಯೇ ನಡೆಯುತ್ತದೆ. ಬಂದೂಕು ಭುಜಕ್ಕಿಟ್ಟುಕೊಂಡು, ಗೋಡೆಯ ಮೇಲಿನ ಚುಕ್ಕೆ ನೋಡುತ್ತ ಸುಮ್ಮನೆ ನಿಲ್ಲುವುದು. ಅಲುಗಾಡದೆ ನಿಲ್ಲುವ ವಿಷಯದಲ್ಲಿ ಗೊಟಗೋಡಿಗೆ ಯಾರೂ ಪಾಠ ಹೇಳಬೇಕಿಲ್ಲ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ಗಂಡಸರು, ಹೆಂಗಸರು, ದನಕರುಗಳೆಲ್ಲ ಆಳೆತ್ತರದ ಶಿಲ್ಪಗಳಾಗಿ ಮಳೆ ಬಿಸಿಲೆನ್ನದೆ ನಿಂತಿದ್ದಾರೆ. ಉಸಿರಾಟವಿಲ್ಲ, ನಾಡಿಬಡಿತವಿಲ್ಲ, ಕೋಚ್ ಬಯಸುವ ಸಕಲ ಗುಣಗಳೂ ಅವರಲ್ಲಿವೆ. ನಾನೊಂದು ಸಂಜೆ ಜಾಕೆಟ್ ಹಾಕಿ ಹಿತ್ತಿಲಲ್ಲಿ ಹೀಗೆ ನಿಂತಿದ್ದಾಗ ಹೆದ್ದಾರಿಯ ಕಡೆಯಿಂದ ದಾರಿ ಕೇಳಲು ಬಂದ ಪ್ರವಾಸಿ ಕುಟುಂಬವೊಂದು, "ರಾಕ್ ಗಾರ್ಡನ್ ಇಲ್ಲಿಂದಲೇ ಶುರುನಾ?" ಎಂದು ಕೇಳಿತು. "ಇದು ಟಿಕೀಟಿಲ್ಲದ್ದು, ನೋಡ್ಕೊಂಡ ಹೋಗ್ರಿ" ಎಂದಳು ಮನೆಯಾಕೆ.

ಅಂತೂ ಬೆಂಗಳೂರು ಮುಟ್ಟಿದೆವು. ಹಲವು ದಿನ ನಡೆಯುವ ಇಂಥ ಟೂರ್ನಮೆಂಟಿನ ಗುಟ್ಟು ಹೊರಗಿನವರಿಗೆ ತಿಳಿಯದು. ನೀವು ಗುಂಡು ಹಾರಿಸುವ ಸಮಯ ಒಂದೂಕಾಲು ಗಂಟೆ, ಉಳಿದದ್ದೆಲ್ಲ ಕಾಯುವುದು. ಹುಡುಗನ ಸರದಿ ಮೊದಲ ದಿನ, ನನ್ನದು ಕಡೆಯ ಹಿಂದಿನ ದಿನ, ಬಹುಮಾನ ಕಡೆಯ ದಿನ. ನಡುವೆ ಮಾಡುವುದೇನು? ರೇಂಜಿನ ಹೊರಗೆ ಒಂದು ಜಾತ್ರೆಯೇ ನೆರೆದಿರುತ್ತದೆ, ಆದರೆ ಪಿಸುಮಾತಿನ ಜಾತ್ರೆ. ಒಂದೆಡೆ ಮಕ್ಕಳ ನೀರಿನ ಬಾಟಲಿ ಹಿಡಿದು ಕೂತ ತಾಯಂದಿರು. ಇನ್ನೊಂದೆಡೆ ದಶಾಂಶದಲ್ಲೇ ಮಾತಾಡುವ ಅಪ್ಪಂದಿರು: "ಮೂರನೇ ಸೀರೀಸಲ್ಲಿ ಪಾಯಿಂಟ್ ಎಂಟು ಹೋಯ್ತು ಸಾರ್." ಗೋಡೆಗೊರಗಿ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತ ಹುಡುಗರು. ನಾವು ಬುತ್ತಿ ಬಿಚ್ಚಿ ಖಡಕ್ ರೊಟ್ಟಿ ಮುರಿದಾಗ ಅದರ ಸದ್ದಿಗೆ ಇಬ್ಬರು ಧ್ಯಾನದಿಂದೆದ್ದು ನಮ್ಮನ್ನು ನೋಡಿದರು. ಶೇಂಗಾ ಚಟ್ನಿ, ಸವಣೂರು ಖಾರ ಹಂಚಿದ ಮೇಲೆ ಸಿಟ್ಟು ಇಳಿಯಿತು.

ಸಲಕರಣೆ ತಪಾಸಣೆ ಇನ್ನೊಂದು ಅಗ್ನಿಪರೀಕ್ಷೆ. ಬಂದೂಕು ಐದೂವರೆ ಕಿಲೋ ಮೀರಬಾರದು, ಜಾಕೆಟ್ಟಿನ ಬಟ್ಟೆ ಎರಡೂವರೆ ಮಿಲಿಮೀಟರಿಗಿಂತ ದಪ್ಪ ಇರಬಾರದು, ಬಟ್ಟೆ ಬಾಗುತ್ತದೋ ಇಲ್ಲವೋ ಎಂದು ಯಂತ್ರದಲ್ಲಿ ಒತ್ತಿ ನೋಡುತ್ತಾರೆ. ಹೊಟ್ಟೆಗೆ ಮಿತಿ ಇಲ್ಲವಾದ್ದರಿಂದ ನಾನು ಪಾಸಾದೆ.

ಅಸಲಿ ಗಾಬರಿ ಹುಟ್ಟಿದ್ದು ಮಾಸ್ಟರ್ಸ್ ವಿಭಾಗದವರೆಲ್ಲ ಒಂದೆಡೆ ಸೇರಿದಾಗ. ಎದೆಬಡಿತವನ್ನು ನಿಧಾನಿಸಿ ಕೈನಡುಕ ತಗ್ಗಿಸುವ ಬೀಟಾ ಬ್ಲಾಕರ್ ಗುಳಿಗೆಗಳಿಗೆ ಶೂಟಿಂಗ್‌ನಲ್ಲಿ ನಿಷೇಧವಿದೆ ಎಂದು ಯಾರೋ ಹೇಳಿದರು. ಓಡುವವರು ವೇಗ ಹೆಚ್ಚಿಸಲು ಕದ್ದು ಮದ್ದು ತಿಂದರೆ, ನಮ್ಮಲ್ಲಿ ನಿಧಾನವಾಗಲು ತಿನ್ನುವುದೇ ಅಪರಾಧ. ಆ ಗುಳಿಗೆಯನ್ನೇ ಬಿ.ಪಿ.ಗೂ ಕೊಡುತ್ತಾರಂತೆ! ಕೂಡಲೇ ಆ ಮೂಲೆಯಲ್ಲಿ ಹತ್ತಾರು ಜೇಬುಗಳಿಂದ ಗುಳಿಗೆ ಪಟ್ಟಿಗಳು ಹೊರಬಂದವು, ಕನ್ನಡಕಗಳು ಹಣೆಯಿಂದ ಮೂಗಿಗಿಳಿದವು. ಶಿಗ್ಗಾವಿಯ ನಮ್ಮ ಡಾಕ್ಟರಿಗೆ ಫೋನು ಮಾಡಿದೆ. "ನಿಮಗ ಕೊಟ್ಟಿದ್ದು ಬ್ಯಾರೆ ಜಾತಿ ಗುಳಿಗಿ, ಆರಾಮ ತಗೋರಿ" ಎಂದರು. ಅಷ್ಟರಲ್ಲಿ ಬಿ.ಪಿ. ಮಾತ್ರ ಏರಿಯಾಗಿತ್ತು.

ನನ್ನ ಪಕ್ಕ ಕೂತಿದ್ದವರು ಕೊಡಗಿನ ಹಿರಿಯರು. ಕೈಲ್ ಮುಹೂರ್ತ ಹಬ್ಬದಲ್ಲಿ ಮನೆಯ ಕೋವಿಗೆ ಹೂವಿಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುವ ನಾಡಿನವರು. "ಕಾಯಿ ಒಡೆದರೆ ಊರಿಗೇ ಗೊತ್ತಾಗುತ್ತೆ. ಇಲ್ಲಿ ಹೊಡೆದವನಿಗೂ ಗೊತ್ತಾಗೋಲ್ಲ, ಪರದೆ ನೋಡಬೇಕು" ಎಂದು ಅವರು ನಿಟ್ಟುಸಿರಿಟ್ಟರು. ನಮ್ಮ ಕಡೆ ಕಾಯಿಗೆ ಗುಂಡು ಹೊಡೆಯುವುದಿಲ್ಲ, ಅದನ್ನು ಕೊಬ್ಬರಿ ಮಾಡಿ ಹೋರಿಯ ಕೊರಳಿಗೆ ಕಟ್ಟಿ ಬೆನ್ನು ಹತ್ತುತ್ತೇವೆ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅದು ಕಷ್ಟ. ನಮ್ಮ ಕಾಯಿ ಓಡೋದಿಲ್ಲ" ಎಂದು ಒಪ್ಪಿಕೊಂಡರು. ಎರಡು ನಾಡುಗಳ ಶೌರ್ಯ ಹೀಗೆ ಅರ್ಧ ಮಿಲಿಮೀಟರಿನ ಚುಕ್ಕೆಯ ಮುಂದೆ ಬೆಂಚಿನ ಮೇಲೆ ಕೂತು ಕಾಫಿ ತ್ಯಜಿಸಿ ಮಜ್ಜಿಗೆ ಕುಡಿಯಿತು.

ನನ್ನ ಸರದಿ ಬಂತು. ಮೊದಲ ಹದಿನೈದು ನಿಮಿಷ ಗುರಿ ಸರಿಪಡಿಸಿಕೊಳ್ಳುವುದಕ್ಕೆ, ಆಮೇಲೆ 75 ನಿಮಿಷದಲ್ಲಿ 60 ಗುಂಡು. "ಮ್ಯಾಚ್ ಫೈರಿಂಗ್, ಸ್ಟಾರ್ಟ್" ಎಂದಿತು ಮೈಕು. ಬಂದೂಕು ಎತ್ತಿದರೆ ಗುರಿ ನನ್ನ ಎದೆಬಡಿತಕ್ಕೆ ತಾಳ ಹಾಕುತ್ತ ಕುಣಿಯುತ್ತಿತ್ತು. ಪಕ್ಕದ ಲೇನಿನಲ್ಲಿ ಎಂಟನೇ ತರಗತಿಯೋ ಒಂಬತ್ತನೆಯದೋ ಇರಬಹುದಾದ ಹುಡುಗಿ. ಪೆಲೆಟ್ ಇಟ್ಟಳು, ಲಿವರ್ ಮುಚ್ಚಿದಳು, ಕೆನ್ನೆಯನ್ನು ಬಂದೂಕಿಗೆ ಆನಿಸಿದಳು, ಉಸಿರು ಅರ್ಧ ಬಿಟ್ಟು ನಿಂತಳು. ಬೆರಳು ಕುದುರೆಯ ಮೇಲಿತ್ತು. ಇನ್ನೇನು ಹಾರಿಸುತ್ತಾಳೆ ಅನ್ನುವಾಗ ಏನೋ ಸರಿಬರಲಿಲ್ಲ. ಬಂದೂಕನ್ನು ಮೆಲ್ಲಗೆ ಇಳಿಸಿ ಸ್ಟ್ಯಾಂಡಿನ ಮೇಲಿಟ್ಟಳು. ಬೇಸರವಿಲ್ಲ, ನಾಚಿಕೆಯಿಲ್ಲ. ಒಂದು ಗುಟುಕು ನೀರು ಕುಡಿದು ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಮೂರನೆಯ ಸಲಕ್ಕೆ ಟಪ್ ಎಂದಿತು. ಪರದೆಯ ಮೇಲೆ 10.7.

ನಾನು ಬೆರಗಾದದ್ದು 10.7ಕ್ಕಲ್ಲ, ಆ ಇಳಿಸುವಿಕೆಗೆ. ನಮ್ಮ ಕಡೆ ಎತ್ತಿದ ಬಡಿಗೆ ಇಳಿಸಿದರೆ ಮೂರು ತಲೆಮಾರಿಗೆ ಅವಮಾನ. ಪಂಚಾಯ್ತಿಯಲ್ಲಿ, ಮದುವೆ ಮನೆಯಲ್ಲಿ, ಗೊಬ್ಬರದ ಸರತಿಯಲ್ಲಿ ನಾಲಗೆಯ ತುದಿಗೆ ಬಂದ ಮಾತನ್ನು ಹಾರಿಸಿಯೇ ತೀರುತ್ತೇವೆ, ಅದು ಯಾರಿಗೆ ತಾಗಿದರೂ ಸರಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಇದೇ ಆಟದ ಕೊನೆಯ ಗುಂಡಿಗೆ 10.8 ಹೊಡೆದು ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದಾಗ ನಾವೆಲ್ಲ ಹೊಡೆದದ್ದನ್ನು ಮಾತ್ರ ನೋಡಿದ್ದೆವು. ಅದರ ಹಿಂದೆ ಹೊಡೆಯದೆ ಬಿಟ್ಟವು ಎಷ್ಟಿರಬೇಕೆಂದು ಯಾರೂ ಎಣಿಸಲಿಲ್ಲ. ಈ ಆಟದಲ್ಲಿ ಜೋರು ಮಾಡಿದವನು ಸೋಲುತ್ತಾನೆ, ತಡೆದುಕೊಂಡವನು ಗೆಲ್ಲುತ್ತಾನೆ.

ನಾನೂ ಇಳಿಸತೊಡಗಿದೆ. ಎಷ್ಟು ಶ್ರದ್ಧೆಯಿಂದ ಇಳಿಸಿದೆನೆಂದರೆ ಕೊನೆಗೆ ಗುಂಡು ಉಳಿದು ಸಮಯ ತೀರುವ ಹಾಗಾಗಿ, ಹಿಂದೆ ನಿಂತ ಕೋಚ್ ಕೈಸನ್ನೆಯಲ್ಲೇ ನಮಸ್ಕಾರ ಹಾಕಿದರು. ಫಲಿತಾಂಶದ ಹಾಳೆಯಲ್ಲಿ ನನ್ನ ಹೆಸರನ್ನು ಕೆಳಗಿನಿಂದ ಓದುತ್ತ ಬಂದರೆ ಬೇಗ ಸಿಗುತ್ತಿತ್ತು. ಮಂದಿ ಕಡಿಮೆ ಎಂಬ ಮಾತು ಸುಳ್ಳಾಗಿತ್ತು. ರಾಜ್ಯದ ಎಲ್ಲ ಕೋಚ್‌ಗಳೂ ಎಲ್ಲ ಚಿಕ್ಕಪ್ಪಂದಿರಿಗೂ ಅದನ್ನೇ ಹೇಳಿದ್ದರೆಂದು ಕಾಣುತ್ತದೆ.

ಊರಿಗೆ ಬಂದ ಮೇಲೆ ಕಲಿತ ವಿದ್ಯೆಯನ್ನು ಅಂಗಡಿಯಲ್ಲಿ ಬಳಸಿದೆ. ಹಂದಿಯ ಗಿರಾಕಿ ಬಂದು, "ಇದೊಂದ ಸಲ ಉದ್ರಿ ಬರಕೋರಿ ಮಾವಾ" ಎಂದ. ಹಳೆಯ ಬಾಕಿಯ ಮಾತು ಗಂಟಲಿಗೆ ಬಂತು. ಉಸಿರು ಅರ್ಧ ಬಿಟ್ಟೆ, ಗುರಿ ಸರಿಕಾಣಲಿಲ್ಲ, ಇಳಿಸಿದೆ. ಅವನು ಚೀಲ ಹೊತ್ತುಕೊಂಡು ಹೋದ. ಮರುದಿನ ಅವನ ತಮ್ಮ ಬಂದ, ಆಮೇಲೆ ಅವನ ಬೀಗ ಬಂದ. ವಾರ ಕಳೆಯುವುದರೊಳಗೆ ಮನೆಯಾಕೆ ಖಾತೆ ಪುಸ್ತಕ ತೆಗೆದುಕೊಂಡು ಮುಂದೆ ನಿಂತಳು. "ನೀವು ಇಳಿಸಿಕೋತ ಹೊಂಟೀರಿ, ಉದ್ರಿ ಏರಿಕೋತ ಹೊಂಟೈತಿ. ಏಳ್ರಿ ಮ್ಯಾಲ!"

ಈಗ ಗಲ್ಲಾಪೆಟ್ಟಿಗೆಯ ಹಿಂದೆ ಅವಳೇ ಕೂರುತ್ತಾಳೆ. ಎತ್ತಿದ್ದನ್ನು ಇಳಿಸುವ ಅಭ್ಯಾಸ ಅವಳಿಗಿಲ್ಲ. ಬಾಕಿದಾರ ಹತ್ತು ಮೀಟರ್ ದೂರದಲ್ಲಿರುವಾಗಲೇ ಹೊಡೆಯುತ್ತಾಳೆ, ಬಹುತೇಕ ಎಲ್ಲವೂ 10.9.